ಹೆದರಿಕೆಗೆ ಎಷ್ಟು ಅಂಕ?

ಮೊದಲಿಗೆ ಒಂದು ಪ್ರಶ್ನೆ. ಕಳೆದ ಎರಡು ವಾರಗಳಲ್ಲಿ, ಹವಾಮಾನ ಕೆಡುತ್ತಿರುವುದನ್ನು, ಕಾಡು ಕರಗುತ್ತಿರುವುದನ್ನು, ಕಡಲಿಗೆ ಕೊಳೆ ಸೇರುತ್ತಿರುವುದನ್ನು ನೆನೆದು ನಿಮ್ಮ ಮನಸ್ಸು ಎಷ್ಟು ಸಲ ಕಸಿವಿಸಿಗೊಂಡಿದೆ? ಇಲ್ಲವೇ ಇಲ್ಲ ಎಂದರೆ ಸೊನ್ನೆ ಹಾಕಿಕೊಳ್ಳಿ. ಕೆಲವು ದಿನ ಎಂದರೆ ಒಂದು, ಅರ್ಧಕ್ಕಿಂತ ಹೆಚ್ಚು ದಿನ ಎಂದರೆ ಎರಡು, ಹೆಚ್ಚುಕಡಿಮೆ ದಿನಾ ಎಂದರೆ ಮೂರು. ಇಂಥವೇ ಹದಿಮೂರು ಪ್ರಶ್ನೆಗಳಿರುವ ಒಂದು ಹಾಳೆ ಇದೆ. ಎಲ್ಲಕ್ಕೂ ಮೂರು ಹಾಕಿದವರಿಗೆ 39 ಅಂಕ. ಪಿಯುಸಿ ಫಲಿತಾಂಶದ ಮೇಲಿನ ಸ್ಥಾನಕ್ಕೆ ಉಡುಪಿಯವರ ಜೊತೆ ಪೈಪೋಟಿಗೆ ನಿಲ್ಲುವ ಜಿಲ್ಲೆ ನಮ್ಮ ದಕ್ಷಿಣ ಕನ್ನಡ. ಈ ಪರೀಕ್ಷೆಯಲ್ಲಿ ಮಾತ್ರ ಅಂಕ ಹೆಚ್ಚು ಬಂದರೆ ಯಾರೂ ಸಿಹಿ ಹಂಚುವುದಿಲ್ಲ.

ಆಸ್ಟ್ರೇಲಿಯಾದ ಟೀಗನ್ ಹಾಗ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಮಾಪಕ ಇದು. ಅಳೆಯುವುದು ಪರಿಸರ ಆತಂಕವನ್ನು. ಹದಿಮೂರು ಪ್ರಶ್ನೆಗಳನ್ನು ಅವರು ನಾಲ್ಕು ಗುಂಪು ಮಾಡಿದ್ದಾರೆ. ಮನಸ್ಸಿನ ತಳಮಳದ್ದು ಒಂದು ಗುಂಪು. ಬೇಡವೆಂದರೂ ಅದೇ ಯೋಚನೆ ಮತ್ತೆ ಮತ್ತೆ ತಲೆಗೆ ಬರುವುದು ಇನ್ನೊಂದು. ನಿದ್ದೆ, ಓದು, ಕೆಲಸ, ನಾಲ್ಕು ಜನರೊಡನೆ ಬೆರೆಯುವುದು ಇವುಗಳಿಗೆ ಪೆಟ್ಟು ಬಿದ್ದಿದೆಯೇ ಎಂಬುದು ಮೂರನೆಯದು. ಕೊನೆಯದು ಸ್ವಲ್ಪ ವಿಚಿತ್ರ: ನನ್ನೊಬ್ಬನ ಬದುಕಿನಿಂದಲೇ ಈ ಭೂಮಿಗೆ ಎಷ್ಟು ಹಾನಿಯಾಗುತ್ತಿದೆಯೋ ಎಂಬ ಕೊರಗು. ಮನಶ್ಶಾಸ್ತ್ರ ಕಲಿಸುವ ನನಗೆ ಈ ನಾಲ್ಕನೆಯ ಗುಂಪಿನ ಮೇಲೆ ಮೊದಲಿನಿಂದಲೂ ಸಂಶಯ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಮಾತನ್ನು ಆರಂಭದಲ್ಲೇ ಸ್ಪಷ್ಟ ಮಾಡಿಬಿಡಬೇಕು. ಪರಿಸರ ಆತಂಕ ಕಾಯಿಲೆಯಲ್ಲ. ಮನೋವೈದ್ಯರ ರೋಗಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಇಷ್ಟು ಅಂಕ ದಾಟಿದರೆ ಮಾತ್ರೆ ಬೇಕು ಎನ್ನುವ ಗೆರೆಯೂ ಇಲ್ಲ. ನಿಜವಾದ ಅಪಾಯ ಎದುರಿಗಿದ್ದಾಗ ಹೆದರುವುದು ಬುದ್ಧಿ ನೆಟ್ಟಗಿದೆ ಎಂಬುದರ ಗುರುತು. ಆದರೆ ಆ ಹೆದರಿಕೆ ಎಷ್ಟು ಜನರಲ್ಲಿದೆ ಎಂದು ಕೇಳಿದರೆ ಬರುವ ಉತ್ತರ ಸಣ್ಣದಲ್ಲ. 2021ರಲ್ಲಿ ಲ್ಯಾನ್ಸೆಟ್ ಬಳಗದ ಒಂದು ಪತ್ರಿಕೆಯಲ್ಲಿ ದೊಡ್ಡ ಸಮೀಕ್ಷೆಯೊಂದು ಬಂತು. ಹತ್ತು ದೇಶ, 16ರಿಂದ 25 ವರ್ಷದ ಹತ್ತು ಸಾವಿರ ಮಂದಿ. ಅದರಲ್ಲಿ ಭಾರತದವರು ಒಂದು ಸಾವಿರ. ಒಟ್ಟಾರೆ ಶೇಕಡಾ 59 ಮಂದಿ ಹವಾಮಾನದ ಬಗ್ಗೆ ಬಹಳ ಅಥವಾ ವಿಪರೀತ ಚಿಂತೆಯಲ್ಲಿದ್ದೇವೆ ಎಂದರು. ಶೇಕಡಾ 75 ಮಂದಿಗೆ ಮುಂದಿನ ದಿನಗಳು ಭಯ ಹುಟ್ಟಿಸುತ್ತವೆ. ಶೇಕಡಾ 45ಕ್ಕೂ ಹೆಚ್ಚು ಮಂದಿ ಈ ಭಾವನೆಗಳಿಂದ ತಮ್ಮ ದಿನನಿತ್ಯದ ಬದುಕಿಗೇ ತೊಂದರೆಯಾಗಿದೆ ಎಂದಿದ್ದಾರೆ. ಅದು ಇಂಟರ್ನೆಟ್ಟಿನಲ್ಲಿ ನಡೆದ ಸಮೀಕ್ಷೆ. ನಮ್ಮ ಮಂಗಳೂರಿನ ಮೀನುಗಾರಿಕಾ ಧಕ್ಕೆಯಲ್ಲಿ ಬೆಳಗಿನ ಜಾವ ಬೋಟಿನಿಂದ ಮೀನು ಇಳಿಸುವ ಇಪ್ಪತ್ತರ ಹುಡುಗ ಆ ಸಾವಿರದಲ್ಲಿ ಇದ್ದನೆಂದು ನಂಬುವುದು ನನಗೆ ಕಷ್ಟ.

ಈ ಹಾಳೆಯನ್ನು ತರಗತಿಯಲ್ಲಿ ಅಭ್ಯಾಸಕ್ಕೆಂದು ಕೊಟ್ಟಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಪೆನ್ನು ಕೆಳಗಿಟ್ಟು ಕೇಳಿದ, "ಯಾವ ಎರಡು ವಾರ ಮೇಡಂ? ಈಗ ಕೇಳಿದ್ರೆ ಸೊನ್ನೆ. ತುಂಬೆಯಲ್ಲಿ ನೀರು ಕೆಳಗೆ ಹೋದಾಗ ಕೇಳಿದ್ರೆ ಬೇರೆ ಉಂಟು." ಡಿಸೆಂಬರಿನ ದಿನ ಅದು. ಗುಡ್ಡವೆಲ್ಲ ಹಸಿರು, ಸಂಜೆ ತಂಪು, ಊರ ತುಂಬ ಯಕ್ಷಗಾನ, ಕೋಲ, ನೇಮ. ಯಾರಿಗೆ ಯಾವ ಆತಂಕ?

ಅವನ ತಕರಾರು ಸಾಧಾರಣದ್ದಲ್ಲ. ಮಂಗಳೂರಿನ ವರ್ಷವನ್ನೇ ತೆಗೆದುಕೊಳ್ಳಿ. ಏಪ್ರಿಲ್, ಮೇ ಬಂತೆಂದರೆ ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ಎಷ್ಟು ಮೀಟರ್ ನೀರಿದೆ ಎಂಬುದು ಪತ್ರಿಕೆಯ ದಿನದ ಸುದ್ದಿ. 2016ರಲ್ಲಿ, 2019ರಲ್ಲಿ, 2023ರಲ್ಲಿ ನಗರಕ್ಕೆ ನೀರಿನ ರೇಷನಿಂಗ್ ಮಾಡಬೇಕಾಯಿತು. ಆಕಾಶ ನೋಡುತ್ತ ಕೂತವರಿಗೆ ಮಳೆ ಬಂದರೂ ನೆಮ್ಮದಿಯಿಲ್ಲ. 2018ರ ಮೇ 29ರಂದು ಒಂದೇ ದಿನದ ಮಳೆಗೆ ಕೊಟ್ಟಾರ ಚೌಕಿ, ಕೊಡಿಯಾಲ್‌ಬೈಲ್ ಸುತ್ತಮುತ್ತ ರಸ್ತೆ ತೋಡಾದವು, ಮನೆಯೊಳಗೆ ನೀರು ನುಗ್ಗಿತು. ಜುಲೈ ಎಂದರೆ ಗುಡ್ಡ ಜರಿಯುವ ತಿಂಗಳು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ನಮ್ಮದೇ ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ಇನ್ನೆರಡು ವಾರಕ್ಕೆ ವಯನಾಡು. 2025ರ ಮೇ ಕೊನೆಯಲ್ಲಿ ಉಳ್ಳಾಲ ತಾಲ್ಲೂಕಿನ ಮಂಜನಾಡಿಯ ಮೊಂಟೆಪದವಿನಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಎಳೆಯ ಮಕ್ಕಳು ಸತ್ತರು. ವಾಮಂಜೂರಿನ ಕೆತ್ತಿಕಲ್ ಗುಡ್ಡದ ಕೆಳಗೆ ಮಳೆಗಾಲದಲ್ಲಿ ಬಸ್ಸು ಹಾದುಹೋಗುವಾಗ ಕಿಟಕಿ ಪಕ್ಕದವರು ತಲೆ ಎತ್ತಿ ಮೇಲೆ ನೋಡುತ್ತಾರೆ, ಗಮನಿಸಿ.

ಅಂದ ಮೇಲೆ ಅದೇ ಹುಡುಗನಿಗೆ ಡಿಸೆಂಬರಿನಲ್ಲಿ ಸೊನ್ನೆ, ಜುಲೈಯಲ್ಲಿ ಇಪ್ಪತ್ತು ಬರಬಹುದು. ಅವನ ಸ್ವಭಾವ ಬದಲಾಗಿರುವುದಿಲ್ಲ, ಋತು ಬದಲಾಗಿರುತ್ತದೆ. ಕಾಲೇಜಿನ ಸೆಮಿಸ್ಟರಿಗೆ ಅನುಕೂಲವಾಗುವ ಒಂದು ವಾರದಲ್ಲಿ ಹಾಳೆ ಹಂಚಿ, ಕೂಡಿಸಿ, ಕರಾವಳಿಯ ಯುವಜನರ ಪರಿಸರ ಆತಂಕ ಇಷ್ಟು ಎಂದು ಬರೆದುಬಿಡುವುದು ಸುಲಭ. ನನ್ನನ್ನು ಕೇಳಿದರೆ, ನಮ್ಮ ಕಡೆ ಇದನ್ನು ಅಳೆಯುವವರು ವರ್ಷದಲ್ಲಿ ಮೂರು ಸಲವಾದರೂ ಅಳೆಯಬೇಕು: ಬೇಸಗೆಯ ತುದಿಗೆ ಒಮ್ಮೆ, ಮಳೆಯ ನಡುವೆ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ.

ಇನ್ನೊಂದು ತೊಡಕು ಯಾರ ಆತಂಕ ಎಂಬುದು. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ತ್ಯಾಜ್ಯದ ರಾಶಿ ಮಳೆಗೆ ಜಾರಿತು. ಇಡೀ ನಗರ ವರ್ಷಾನುಗಟ್ಟಲೆ ಎಸೆದ ಕಸ ಕೆಳಗಿನ ಮಂದಾರ ಪ್ರದೇಶದ ಅಡಿಕೆ, ತೆಂಗಿನ ತೋಟಗಳ ಮೇಲೆ, ಮನೆಗಳ ಮೇಲೆ ಹರಿದು ಬಂತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಹೊರಡಬೇಕಾಯಿತು. ಆಗ ಹೈಸ್ಕೂಲಿನಲ್ಲಿದ್ದ ಅಲ್ಲಿನ ಮಕ್ಕಳು ಈಗ ಪದವಿ ಓದುವ ವಯಸ್ಸಿನವರು. ಅಂಥವರ ಮುಂದೆ ಈ ಹಾಳೆ ಇಟ್ಟು ಮುಂದೇನಾಗುವುದೋ ಎಂಬ ಚಿಂತೆ ಕಾಡುತ್ತದೆಯೇ ಎಂದು ಕೇಳಿದರೆ ಅವರು ಏನು ಹೇಳಬೇಕು? ಅವರ ಪಾಲಿಗೆ ಅದು ಮುಂದಿನ ಮಾತಲ್ಲ, ಆಗಿಹೋದದ್ದು. ಉಳ್ಳಾಲ, ಉಚ್ಚಿಲ, ಬಟ್ಟಪಾಡಿಯ ಕಡಲ್ಕೊರೆತವೂ ಹಾಗೆಯೇ. ಕಲ್ಲು ಹಾಕುತ್ತಾರೆ, ಕಲ್ಲು ಹೋಗುತ್ತದೆ, ತೆಂಗಿನ ಮರ ಹೋಗುತ್ತದೆ, ಆಮೇಲೆ ರಸ್ತೆ. ಆಸ್ಟ್ರೇಲಿಯಾದ ಹಂಟರ್ ಕಣಿವೆಯಲ್ಲಿ ಕಲ್ಲಿದ್ದಲ ಗಣಿಗಳು ಊರ ಸುತ್ತ ನೆಲ ಅಗೆದಾಗ ಅಲ್ಲಿನ ಜನರ ಸಂಕಟವನ್ನು ಗ್ಲೆನ್ ಆಲ್ಬ್ರೆಕ್ಟ್ ಎಂಬ ಚಿಂತಕ ಬಹಳ ಹಿಂದೆಯೇ ಬೇರೆಯಾಗಿ ಗುರುತಿಸಿದ್ದ. ಊರು ಬಿಡದೆಯೂ ಊರು ಕಳೆದುಕೊಂಡವರ ದುಃಖ ಅದು. ಅದನ್ನು ಆತಂಕದ ಅಂಕಪಟ್ಟಿಗೆ ಸೇರಿಸಿ ಕೂಡಿಸುವುದು ಸರಿಯಲ್ಲ.

ಈಗ ವಿಷಯದ ಇನ್ನೊಂದು ಅರ್ಧ. ಹೆದರಿದವರು ಏನಾದರೂ ಮಾಡುತ್ತಾರೆಯೇ?

ಸಂಶೋಧಕರು ಇದಕ್ಕೆ ಇನ್ನೊಂದು ಹಾಳೆ ಕೊಡುತ್ತಾರೆ. ಬಟ್ಟೆಯ ಚೀಲ ಒಯ್ಯುತ್ತೀರಾ? ಕೋಣೆಯಿಂದ ಹೊರಬರುವಾಗ ಫ್ಯಾನ್ ಆರಿಸುತ್ತೀರಾ? ಸ್ವಂತ ವಾಹನ ಬಿಟ್ಟು ಬಸ್ಸಿನಲ್ಲಿ ಓಡಾಡುತ್ತೀರಾ? ಕಡಿಮೆ ಬಟ್ಟೆ ಕೊಳ್ಳುತ್ತೀರಾ? ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಇದರಲ್ಲಿ ತರಗತಿಗೇ ಹೆಚ್ಚಿನ ಅಂಕ ಬಂತು. ಮೆಚ್ಚಿ ಮಾತಾಡಿಸಿದರೆ ಅವಳು ನಕ್ಕಳು. "ನಂಗೆ ಸ್ಕೂಟಿ ಇಲ್ಲ ಮೇಡಂ, ಅದಕ್ಕೆ ಬಸ್ಸು. ಎ.ಸಿ. ಇಲ್ಲ, ಅದಕ್ಕೆ ಕರೆಂಟ್ ಬಿಲ್ ಕಮ್ಮಿ." ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಸಿಟಿ ಬಸ್ಸಿನಲ್ಲಿ ಜೋತಾಡಿಕೊಂಡು ಬಂದು, ಅಕ್ಕನ ಚೂಡಿದಾರನ್ನೇ ಹಾಕಿಕೊಂಡು, ಮನೆಯ ಬಾವಿಯ ನೀರು ಸೇದುವ ಹುಡುಗಿ ಪರಿಸರಸ್ನೇಹಿ ನಡವಳಿಕೆಯಲ್ಲಿ ಮೊದಲ ಸ್ಥಾನ. ಅವಳ ಆತಂಕದ ಅಂಕ ಬಹಳ ಕಡಿಮೆ. ಆತಂಕದ ಅಂಕ ಹೆಚ್ಚು ಬಂದದ್ದು ಕಾರಿನಲ್ಲಿ ಬರುವ, ಇಂಗ್ಲಿಷ್ ಸಾಕ್ಷ್ಯಚಿತ್ರಗಳನ್ನು ನೋಡುವ ಗೆಳತಿಗೆ. ಈ ಇಬ್ಬರನ್ನೇ ನೋಡಿದರೆ ಹೆದರಿಕೆ ಹೆಚ್ಚಿದಷ್ಟು ನಡತೆ ಕೆಡುತ್ತದೆ ಎಂದು ಬರೆಯಬೇಕಾಗುತ್ತದೆ! ಬಡತನ ಮಾಡಿಸಿದ್ದನ್ನು ಕಾಳಜಿ ಮಾಡಿಸಿತು ಎಂದು ಲೆಕ್ಕ ಹಿಡಿಯುವ ಪ್ರಶ್ನಾವಳಿ ನಮ್ಮ ದೇಶಕ್ಕೆ ಹೊಂದುವುದಿಲ್ಲ.

ಅದಲ್ಲದೆ ಹೇಳಿದ್ದಕ್ಕೂ ಮಾಡಿದ್ದಕ್ಕೂ ಇರುವ ಅಂತರ ಒಂದಿದೆ. ಕಾರ್ಮೋಸ್ ಮತ್ತು ಗಿಫರ್ಡ್ ಎಂಬ ಕೆನಡಾದ ಇಬ್ಬರು 2014ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಜನ ತಾವು ಮಾಡುತ್ತೇವೆಂದು ಹೇಳಿಕೊಂಡ ಪರಿಸರ ಕೆಲಸಗಳು ಅವರು ನಿಜವಾಗಿ ಮಾಡಿದ್ದರಲ್ಲಿನ ಏರಿಳಿತದ ಐದನೇ ಒಂದು ಪಾಲನ್ನು ಮಾತ್ರ ವಿವರಿಸುತ್ತಿದ್ದವು. ನಾವು ಸುಳ್ಳರು ಎಂದಲ್ಲ. ಒಳ್ಳೆಯವರಾಗಿ ಕಾಣುವ ಆಸೆ ಯಾರಿಗಿಲ್ಲ?

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಉಳಿಯುವ ಒಂದೆರಡು ಸಂಗತಿಗಳಿವೆ. ಅಮೆರಿಕದ ಸೂಸನ್ ಕ್ಲೇಟನ್ ಮತ್ತು ಬ್ರಯಾನ್ ಕರಾಝಿಯಾ 2020ರಲ್ಲಿ ಹವಾಮಾನ ಆತಂಕದ್ದೇ ಒಂದು ಮಾಪಕ ಮಾಡಿದರು. ಅವರ ಅಧ್ಯಯನದಲ್ಲಿ ಆತಂಕಕ್ಕೂ ನಡವಳಿಕೆಗೂ ನಂಟು ಸಿಗಲಿಲ್ಲ. 2022ರಲ್ಲಿ 32 ದೇಶಗಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಹವಾಮಾನದ ಚಿಂತೆಯಿಂದ ಮನಸ್ಸು ನೊಂದವರಿಗೆ ಮಾನಸಿಕ ನೆಮ್ಮದಿ ಕುಗ್ಗುವುದು ಹೆಚ್ಚುಕಡಿಮೆ ಎಲ್ಲ ಕಡೆ ಕಂಡಿತು. ಮನೆಮಟ್ಟದ ಪರಿಸರ ಕೆಲಸಗಳೊಂದಿಗೆ ಆ ನೋವಿನ ಸಂಬಂಧ 24 ದೇಶಗಳಲ್ಲಿ ಕಂಡಿತು. ಬೀದಿಗಿಳಿದು ಪ್ರತಿಭಟಿಸುವಂಥ ಕೆಲಸದೊಂದಿಗೆ ಕಂಡದ್ದು 12 ದೇಶಗಳಲ್ಲಿ ಮಾತ್ರ. ಅಂದರೆ ನೆಮ್ಮದಿ ಕೆಡುವುದು ಎಲ್ಲರಿಗೂ, ದನಿ ಎತ್ತುವ ಅವಕಾಶ ಕೆಲವರಿಗೆ.

ಇಲ್ಲಿ ನನಗೆ ಬಹಳ ಮುಖ್ಯವೆನಿಸುವುದು 2022ರಲ್ಲೇ ಬಂದ ಒಂದು ಚಿಕ್ಕ ಅಧ್ಯಯನ. ಸಾರಾ ಶ್ವಾರ್ಟ್ಸ್ ಮತ್ತು ಸಂಗಡಿಗರು ಅಮೆರಿಕದ 18ರಿಂದ 35 ವರ್ಷದ 284 ಮಂದಿಯನ್ನು ಮಾತಾಡಿಸಿದರು. ಹವಾಮಾನದ ಆತಂಕ ಹೆಚ್ಚಿದ್ದವರಲ್ಲಿ ಖಿನ್ನತೆಯ ಲಕ್ಷಣಗಳೂ ಹೆಚ್ಚು. ಆದರೆ ಇತರರ ಜೊತೆ ಸೇರಿ ಏನಾದರೂ ಮಾಡುತ್ತಿದ್ದವರಲ್ಲಿ ಆ ಗಂಟು ಸಡಿಲವಾಗಿತ್ತು. ಒಬ್ಬೊಬ್ಬರೇ ಫ್ಯಾನ್ ಆರಿಸಿ, ಚೀಲ ಒಯ್ದು ಮಾಡುವ ಕೆಲಸ ಖಿನ್ನತೆಗೆ ತಡೆಯಾಗಲಿಲ್ಲ.

ಇದನ್ನು ಓದಿದಾಗ ನನಗೆ ಅಮೆರಿಕ ನೆನಪಾಗಲಿಲ್ಲ, ಸಾಲ್ಕಣಿ ನೆನಪಾಯಿತು. 1983ರ ಸೆಪ್ಟೆಂಬರ್. ಶಿರಸಿ ಕಡೆಯ ಸಾಲ್ಕಣಿಯ ಯುವಕರು, ಹೆಂಗಸರು ಕಾಡಿಗೆ ನಡೆದು ಹೋಗಿ ಕೊಡಲಿ ಎತ್ತಿದವರ ಮುಂದೆ ಮರ ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಕಾಡು ಹೋದರೆ ನೀರು ಹೋಗುತ್ತದೆ, ಸೊಪ್ಪು ಹೋಗುತ್ತದೆ, ತೋಟ ಹೋಗುತ್ತದೆ ಎಂಬ ಹೆದರಿಕೆ ಅವರಿಗೆ ಇರಲಿಲ್ಲವೇ? ಹದಿಮೂರು ಪ್ರಶ್ನೆಗಳ ಹಾಳೆ ಆಗ ಇದ್ದಿದ್ದರೆ ಅಂಕ ಮೂವತ್ತು ದಾಟುತ್ತಿತ್ತೇನೋ. ಆದರೆ ಅವರಿಗೆ ಒಂದು ಯುವಕ ಮಂಡಳಿ ಇತ್ತು. ಪಾಂಡುರಂಗ ಹೆಗಡೆಯವರಂಥ ಜೊತೆಗಾರರಿದ್ದರು. ಹೋಗಿ ನಿಲ್ಲಲು ಒಂದು ಕಾಡು, ಎದುರಿಸಲು ಒಂದು ಇಲಾಖೆ ಕಣ್ಣೆದುರಿಗೇ ಇತ್ತು. ಇನ್ನೊಂದು ಉದಾಹರಣೆ ನಮ್ಮವರೇ ಆದ ಶಿವರಾಮ ಕಾರಂತರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಆಗ ಅವರಿಗೆ 87 ವರ್ಷ. ಸೋತರು, ಅದು ಬೇರೆ ಮಾತು. ಚುನಾವಣೆಗೆ ನಿಲ್ಲುವುದನ್ನು ಪರಿಸರಸ್ನೇಹಿ ನಡವಳಿಕೆ ಎಂದು ಕೇಳುವ ಪ್ರಶ್ನಾವಳಿಯನ್ನು ನಾನು ನೋಡಿಲ್ಲ.

ಹಾಗಾಗಿಯೇ ಆ ನಾಲ್ಕನೆಯ ಗುಂಪಿನ ಮೇಲೆ ನನಗೆ ಸಂಶಯ ಎಂದದ್ದು. ನನ್ನಿಂದ ಎಷ್ಟು ಹಾನಿಯೋ ಎಂದು ಬಸ್ಸಿನಲ್ಲಿ ಬರುವ ಹುಡುಗಿ ಕೊರಗಬೇಕೇ? ಪಣಂಬೂರಿನಿಂದ ಸುರತ್ಕಲ್‌ವರೆಗೆ ಬಂದರು, ರಿಫೈನರಿ, ರಸಗೊಬ್ಬರದ ಕಾರ್ಖಾನೆ, ವಿಶೇಷ ಆರ್ಥಿಕ ವಲಯ ಸಾಲಾಗಿ ನಿಂತಿರುವ ಊರಿನಲ್ಲಿ ಪರಿಸರದ ತೀರ್ಮಾನಗಳನ್ನು ಮಾಡುವವರು ಯಾರು ಎಂಬುದು ಅವಳಿಗೆ ಗೊತ್ತು. ಅವಳ ಅಪ್ಪ ಬೈಕಂಪಾಡಿಯ ಯಾವುದೋ ಘಟಕದಲ್ಲಿ ಕೆಲಸ ಮಾಡುವವರೇ ಇರಬಹುದು. ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ನಿಂತಾಗ ಕಾಡು ಉಳಿಯಿತೆಂದು ಸಂತೋಷಪಟ್ಟವರು ನಾವೆಲ್ಲ. ಕೊಳವೆಯಲ್ಲಿ ಅದಿರು ಬರುತ್ತಿದ್ದ ಪಣಂಬೂರಿನ ಅದಿರಿನ ಉಂಡೆ (ಪೆಲೆಟ್) ತಯಾರಿಕಾ ಘಟಕದಲ್ಲಿ ದುಡಿಯುತ್ತಿದ್ದವರ ಮನೆಯಲ್ಲಿ ಆ ವರ್ಷ ಬೇರೆ ಆತಂಕವಿತ್ತು. ಇಪ್ಪತ್ತು ವರ್ಷದವರ ಎದೆಯಲ್ಲಿ ಈ ಎರಡೂ ಒಟ್ಟಿಗೇ ಇರುತ್ತವೆ. ಹಾಳೆ ಒಂದನ್ನೇ ಕೇಳುತ್ತದೆ.

ಜೊತೆ ಸೇರಿ ಮಾಡುವ ಕೆಲಸ ಎಂದೆ. ಅದರಲ್ಲೂ ಎರಡು ಬಗೆ. ರಾಮಕೃಷ್ಣ ಮಠದವರು 2015ರಲ್ಲಿ ಆರಂಭಿಸಿದ ಸ್ವಚ್ಛ ಮಂಗಳೂರು ಅಭಿಯಾನದ ಭಾನುವಾರದ ಶ್ರಮದಾನಗಳಲ್ಲಿ ಕಾಲೇಜು ಹುಡುಗರು ಪೊರಕೆ ಹಿಡಿದದ್ದನ್ನು ಈ ನಗರ ನೋಡಿದೆ. ಅಲ್ಲಿಗೆ ಹೋಗಿಬಂದವರಿಗೆ ಕಸ ಮೊದಲಿಗಿಂತ ಹೆಚ್ಚು ಕಣ್ಣಿಗೆ ಬೀಳುತ್ತದೆ, ಹೆಚ್ಚು ಸಿಟ್ಟು ಬರುತ್ತದೆ. ಹೀಗಾಗಿ ಆತಂಕದಿಂದ ಕೆಲಸ ಹುಟ್ಟಿತೋ ಕೆಲಸದಿಂದ ಆತಂಕ ಹುಟ್ಟಿತೋ ಎಂದು ಒಂದೇ ದಿನ ಹಂಚಿದ ಎರಡು ಹಾಳೆಗಳನ್ನು ನೋಡಿ ಹೇಳಲಾಗದು. ಆದರೂ ಗುಡಿಸಿದ ಜಾಗ ಗುಡಿಸಿದ ಹಾಗೆ ಕಾಣುತ್ತದೆ. ಕೆಲಸ ಮುಗಿಸಿ ಒಟ್ಟಿಗೆ ಕೂತು ಚಾ ಕುಡಿಯುವಾಗಿನ ಸಮಾಧಾನ ಸಣ್ಣದಲ್ಲ.

ಎರಡನೆಯ ಬಗೆ ಕಠಿಣ. ನೇತ್ರಾವತಿಯ ಉಪನದಿಯ ನೀರನ್ನು ಪೂರ್ವದ ಜಿಲ್ಲೆಗಳಿಗೆ ತಿರುಗಿಸುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆ ಆದಾಗಿನಿಂದ ನೇತ್ರಾವತಿ ಉಳಿಸಿ ಎಂದು ಈ ಜಿಲ್ಲೆ ಎಷ್ಟು ಸಲ ಬೀದಿಗಿಳಿಯಿತು! ಧರಣಿ, ಮೆರವಣಿಗೆ, ಬಂದ್ ಎಲ್ಲವೂ ಆಯಿತು. ಕಾಲೇಜುಗಳಿಂದ ಹುಡುಗ ಹುಡುಗಿಯರು ಭಿತ್ತಿಫಲಕ ಹಿಡಿದು ಬಂದರು. ಯೋಜನೆ ನಿಲ್ಲಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಂತದ ಉದ್ಘಾಟನೆಯೂ ನಡೆಯಿತು. ಹೋರಾಟದ ಆರಂಭದಲ್ಲಿ ಇಪ್ಪತ್ತರಲ್ಲಿದ್ದವರು ಇಂದು ಮೂವತ್ತು ದಾಟಿದ್ದಾರೆ. ಅವರಲ್ಲಿ ಕೆಲವರನ್ನು ಮಾತಾಡಿಸಿದ್ದೇನೆ. ಕೆಲವರಿಗೆ ಈಗಲೂ ಕೆಚ್ಚಿದೆ. ಕೆಲವರು ಆ ಮಾತು ಎತ್ತಿದರೆ "ಅದೆಲ್ಲ ಬಿಡಿ ಮಾರಾಯ್ರೆ" ಎಂದು ಕೈ ಕೊಡವುತ್ತಾರೆ. ಇವರಿಗೆ ಹಾಳೆ ಕೊಟ್ಟರೆ ಸೊನ್ನೆ ಬರಬಹುದು. ಆ ಸೊನ್ನೆಗೂ ನನ್ನ ಹಿಂದಿನ ಬೆಂಚಿನ ಹುಡುಗನ ಡಿಸೆಂಬರ್ ಸೊನ್ನೆಗೂ ಅಜಗಜಾಂತರ.

ಸ್ವೀಡನ್ನಿನ ಮಾರಿಯಾ ಓಯಾಲಾ ಮಕ್ಕಳ ಮೇಲೆ ಮಾಡಿದ ಕೆಲಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಮಸ್ಯೆಯನ್ನು ಬಗೆಹರಿಸಲೇಬೇಕೆಂದು ಅದರ ಹಿಂದೆಯೇ ಬಿದ್ದ ಮಕ್ಕಳು ಹೆಚ್ಚು ಕೆಲಸ ಮಾಡುತ್ತಿದ್ದರು, ಆದರೆ ಹೆಚ್ಚು ನೋಯುತ್ತಿದ್ದರು. ನನ್ನ ಹಾಗೆ ಯೋಚಿಸುವವರು ಇನ್ನೂ ಇದ್ದಾರೆ, ಹಿಂದೆಯೂ ಜನ ಇಂಥದ್ದನ್ನು ದಾಟಿ ಬಂದಿದ್ದಾರೆ ಎಂಬ ನಂಬಿಕೆ ಜೊತೆಗಿದ್ದವರಿಗೆ ಆ ನೋವು ಕಡಿಮೆ. ಸಾಲ್ಕಣಿಯ ಕಥೆಯನ್ನು ನಮ್ಮ ಕಾಲೇಜುಗಳಲ್ಲಿ ಹೇಳಬೇಕಾದ್ದು ಇದಕ್ಕಾಗಿ. ಎತ್ತಿನಹೊಳೆಯ ಕಥೆಯನ್ನು ಸೋಲಿನ ಸಹಿತ ಹೇಳಬೇಕು. ಗೆದ್ದ ಚಳವಳಿಗಳನ್ನು ಮಾತ್ರ ಕಲಿಸಿದರೆ ಮೊದಲ ಸೋಲಿಗೇ ಮಕ್ಕಳು ಕೈ ಕೊಡವುತ್ತಾರೆ.

ಹೆತ್ತವರಿಗೆ ಒಂದು ಮಾತು. ಮಗಳು ಊಟಕ್ಕೆ ಕೂತಾಗ ಶಿರೂರಿನ ಸುದ್ದಿ ಎತ್ತಿದರೆ, ಇದೆಲ್ಲ ನಿನಗ್ಯಾಕೆ, ಪರೀಕ್ಷೆಗೆ ಓದು ಎನ್ನಬೇಡಿ. ಅವಳ ಮಾತು ಕೇಳಿ. ನಿದ್ದೆ, ಊಟ, ಓದು ವಾರಗಟ್ಟಲೆ ಕೆಟ್ಟಿದ್ದರೆ ಮಾತ್ರ ಅದನ್ನು ಪರಿಸರದ ಚಿಂತೆ ಎಂದು ತಳ್ಳಿಹಾಕದೆ ನೆರವು ಪಡೆಯಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರಿನಿಂದ ಹಗಲಿರುಳು ಉಚಿತವಾಗಿ ಕೆಲಸ ಮಾಡುತ್ತಿದೆ. ಕನ್ನಡದಲ್ಲೂ ಮಾತಾಡಬಹುದು. ಸಂಖ್ಯೆ 14416. ಬರೆದಿಟ್ಟುಕೊಳ್ಳಿ.

ಯುವಕ ಯುವತಿಯರಿಗೆ ಇನ್ನೊಂದು ಮಾತು. ದೊಡ್ಡ ಕೈಗಾರಿಕೆ, ದೊಡ್ಡ ಯೋಜನೆ ಬರುವ ಮೊದಲು ಪರಿಸರದ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕೆಂದು 2006ರ ಅಧಿಸೂಚನೆ ಹೇಳುತ್ತದೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಲಿಖಿತವಾಗಿಯೂ ಆಕ್ಷೇಪ ಸಲ್ಲಿಸಬಹುದು. ಆ ಪ್ರಕಟಣೆಗಳು ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತವೆ. ಮುಂದಿನದನ್ನು ಕಂಡಾಗ ಕತ್ತರಿಸಿ ಕಾಲೇಜಿನ ಸೂಚನಾ ಫಲಕಕ್ಕೆ ಅಂಟಿಸಿ. ನಾಲ್ಕು ಮಂದಿ ಒಟ್ಟಿಗೆ ಹೋಗಿ, ಸಾರಾಂಶ ಓದಿಕೊಂಡು ಹೋಗಿ. ನಿಮ್ಮ ಸರದಿ ಬಂದಾಗ ಎದ್ದು ನಿಂತು ಹೆಸರು, ಊರು ಹೇಳಿ ಮಾತಾಡಿ. ನೀವು ಆಡಿದ ಮಾತು ಸಭೆಯ ನಡಾವಳಿಯಲ್ಲಿ ದಾಖಲಾಗಬೇಕು ಎಂಬುದು ಕಾನೂನು.